ನಾಲ್ಕು ದನಿಯ ಸಾಲೊಮನ್ ಮೇಷ್ಟ್ರು

ಸಾಲೊಮನ್ ಮೇಷ್ಟ್ರು ಗುನುಗುವುದನ್ನು ಕೇಳಿ ಅದು ಯಾವ ಹಾಡೆಂದು ಹರಿಹರದಲ್ಲಿ ಯಾರೂ ಹೇಳಿದ್ದಿಲ್ಲ. ಸೈಕಲ್ ತಳ್ಳಿಕೊಂಡು ಹೊಳೆಯ ಕಡೆ ಹೊರಟರೆ ಗಂಟಲಿನಾಳದಲ್ಲಿ ಒಂದು ಸ್ವರ ಎಳೆಯುತ್ತಿದ್ದರು, ಆಮೇಲೆ ಇನ್ನೊಂದು, ಮತ್ತೆ ಮೊದಲಿನದೇ. ಅದು ನಾಲ್ಕು ದನಿಯ ಹಾಡಿನಲ್ಲಿ ಎಲ್ಲಕ್ಕಿಂತ ಕೆಳಗಿನ ದನಿ. ಮಿಕ್ಕ ಮೂರೂ ಅವರ ತಲೆಯೊಳಗೇ ಇರುತ್ತಿದ್ದವು, ಪಾಪ.

ಐವತ್ತರ ದಶಕದ ಕೊನೆ. ನಾನು ದಾವಣಗೆರೆಯ ನಿಟ್ಟುವಳ್ಳಿಯವಳು. ಹರಿಹರದ ಶಾಲೆಯೊಂದರಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ಮೇಷ್ಟ್ರು ಅಲ್ಲೇ ಸಂಗೀತ ಕಲಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ನನ್ನ ದನಿ ಕೇಳಿ, ಚರ್ಚಿನಲ್ಲಿ ಹಾಡುವ ತಂಡಕ್ಕೆ, ಅವರ ಕ್ವಾಯರಿಗೆ, ಕರೆದರು. "ದೇವ್ರು ಯಾರಾದ್ರೂ ಇರ್ಲಿ ಟೀಚರ್ರೇ, ನನಗೊಂದು ಎರಡನೇ ದನಿ ಬೇಕಾಗೈತೆ" ಅಂದರು.

ಅವರ ಆಸೆ ಒಂದೇ: ನಾಲ್ಕು ದನಿ ಬೇರೆಬೇರೆಯಾಗಿ ಹೊರಟು, ಒಂದು ಹಾಡು ಕೊನೆಯವರೆಗೂ ಮುರಿಯದೆ ನಿಲ್ಲಬೇಕು. ಆದರೆ ನಾನು ಭಜನೆಯಲ್ಲಿ ಬೆಳೆದವಳು. ಮುಂದಿನವರು ಹೇಳಿದ್ದನ್ನು ಹಿಂದಿನವರು ಹಾಗೇ ಹಾಡುವುದೇ ನಮ್ಮ ಮರ್ಯಾದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ದನಿ ತಾನಾಗಿಯೇ ಮೇಲಿನವರ ರಾಗಕ್ಕೆ ಹೋಗಿ ಸೇರಿಕೊಳ್ಳುತ್ತಿತ್ತು.

"ಅಯ್ಯೋ, ಮತ್ತೆ ಹೋದ್ರಲ್ರೀ ಅವರ ಮನೆಗೆ!" ಎಂದು ಹಾರ್ಮೋನಿಯಂ ನಿಲ್ಲಿಸುತ್ತಿದ್ದರು. "ನಮ್ಮಲ್ಲಿ ಸ್ವರ ಒಂದರ ಹಿಂದೆ ಒಂದು ನಡೀತಾವೆ. ಇಲ್ಲಿ ಸ, ಗ, ಪ ಒಟ್ಟಿಗೇ ನಿಲ್ಬೇಕು. ನೀವು ಗ ಬಿಟ್ಟು ಓಡಿದ್ರೆ ಹೆಂಗೆ?"

ದಣಿದಾಗ ಚಹಾ ಕುಡಿಸಿ ಹಳೆಯ ಕಥೆ ತೆಗೆಯುತ್ತಿದ್ದರು. ಯುರೋಪಿನ ಮಠಗಳಲ್ಲಿ ಸಂನ್ಯಾಸಿಗಳು ನೂರಾರು ವರ್ಷ ಒಂದೇ ರಾಗವನ್ನು ಒಟ್ಟಾಗಿ ಹಾಡಿದರಂತೆ. ಆಮೇಲೆ ಅದರ ಜೊತೆಗೆ ಇನ್ನೊಂದು ದನಿ ಸೇರಿತು, ನಿಧಾನವಾಗಿ ಮೂರು, ನಾಲ್ಕು. "ಅವ್ರಿಗೇ ಅಷ್ಟು ಕಾಲ ಬೇಕಾಯ್ತು. ನಿಮಗೆ ಕ್ರಿಸ್‌ಮಸ್‌ ಒಳಗೆ ಬರ್ಲಿ ಅಂತೀನಲ್ಲ, ನನಗೆ ಬುದ್ಧಿ ಇಲ್ಲ ಬಿಡ್ರಿ!"

ಒಂದು ಕ್ರಿಸ್‌ಮಸ್‌ಗೆ ಬಂದೇಬಿಟ್ಟಿತು. ಎರಡನೇ ಸಾಲು ದಾಟಿತು, ಮೂರನೆಯದೂ ದಾಟಿತು, ನಾನು ಎಲ್ಲೂ ಜಾರಲಿಲ್ಲ. ಆದರೆ ಕೊನೆಯ ಸಾಲಿನಲ್ಲಿ ಕೆಳಗಿನ ದನಿಯೇ ಇಲ್ಲ! ತಿರುಗಿ ನೋಡಿದರೆ ಮೇಷ್ಟ್ರು ಬಾಯಿ ಮುಚ್ಚಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಕೇಳ್ತಾ ನಿಂತ್‌ಬಿಟ್ಟೆ ನೋಡ್ರಿ. ಇರ್ಲಿ, ಮುಂದಿನ ವರ್ಷ ನಾಲ್ಕೂ ಹಾಡೋಣ" ಎಂದು ಆಮೇಲೆ ನಾಚಿಕೊಂಡರು.

ಮುಂದಿನ ವರ್ಷ ನಾಲ್ಕು ದನಿ ಕೂಡಲಿಲ್ಲ. ಮೂರನೇ ದನಿಯ ಹುಡುಗನಿಗೆ ದಾವಣಗೆರೆಯ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು, ಮೇಲಿನ ದನಿಯ ಅಕ್ಕತಂಗಿಯರು ಮದುವೆಯಾಗಿ ಹೋದರು. ಭಾನುವಾರ ಸಂಜೆ ಖಾಲಿ ಚರ್ಚಿನಲ್ಲಿ ನಾವಿಬ್ಬರೇ ಹಾಡುತ್ತಿದ್ದೆವು, ಎರಡನೇ ದನಿ ಮತ್ತು ಕೆಳಗಿನ ದನಿ ಮಾತ್ರ, ರಾಗವೇ ಇಲ್ಲದ ಹಾಡು. ಬಾಗಿಲ ಕಡೆ ನೋಡುತ್ತಾ "ಯಾರಾದ್ರೂ ಬರ್ತಾರೆ, ತಡೀರಿ" ಎನ್ನುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಅವರೊಬ್ಬರನ್ನೇ ಅಲ್ಲಿ ಬಿಟ್ಟು ಏಳಲಾರದೆ ನಾನು ಇನ್ನೊಂದು ಸಲ ಮೊದಲಿನಿಂದ ಹಾಡುತ್ತಿದ್ದೆ.

ಮೇಷ್ಟ್ರು ತೀರಿಕೊಂಡು, ಅವರನ್ನು ಮಣ್ಣು ಮಾಡಿದ ದಿನ ಚರ್ಚಿನ ಜನ ಅವರು ನಮಗೆ ಕಲಿಸಿದ್ದ ಅದೇ ಹಾಡನ್ನು ಹಾಡಿದರು. ಎಲ್ಲರದೂ ಒಂದೇ ರಾಗ, ಗಟ್ಟಿಯಾಗಿ. ನಾನು ಎರಡನೇ ದನಿ ಹಿಡಿದೆ. ಪಕ್ಕದಲ್ಲಿದ್ದ ಹೆಂಗಸು ಮೊಣಕೈಯಿಂದ ಮೆಲ್ಲಗೆ ತಿವಿದು, "ರಾಗ ತಪ್ತೈತ್ರೀ ಟೀಚರ್ರೇ, ನಮ್ಮ ಜೊತೆ ಹಾಡ್ರಿ" ಎಂದಳು.

ನಾನು ಬಿಡಲಿಲ್ಲ. ಕೊನೆಯ ಸಾಲಿನವರೆಗೂ ನನ್ನದನ್ನೇ ಹಾಡಿದೆ.