ಲ್ಯಾಟಿನ್ ಡಿಕ್ಷನರಿಯಿಂದ ಉದುರಿದ ಅಕ್ಷತೆ

ನಾಳೆ ಮಗಳಿಗೆ ಲ್ಯಾಟಿನ್ ಫೈನಲ್ ಪರೀಕ್ಷೆ. ಅವಳಿಗೆಂದು ನನ್ನ ಹಳೇ ಡಿಕ್ಷನರಿ ತೆಗೆದೆ. ಮೊದಲ ಪುಟದ ಕುಂಕುಮದ ಬೊಟ್ಟು ಇನ್ನೂ ಹಾಗೇ ಇದೆ. ನೋಡುತ್ತಿದ್ದಂತೆ ನಾನು ಮತ್ತೆ ನೆದರ್ಲೆಂಡ್ಸಿನ ಲೈಡನ್ ಊರಿನ ನಮ್ಮ ಶಾಲೆಯ ಪರೀಕ್ಷಾ ಹಾಲ್‌ನಲ್ಲಿ ಕೂತಿದ್ದೆ.

ಪರೀಕ್ಷೆಗೆ ಡಿಕ್ಷನರಿ ಒಯ್ಯಬಹುದಿತ್ತು, ಆದರೆ ಒಳಗೆ ಏನೂ ಇರಬಾರದು. ಲ್ಯಾಟಿನ್ ಮೇಡಂ ಪ್ರತಿಯೊಂದನ್ನೂ ತಲೆಕೆಳಗು ಹಿಡಿದು ಕೊಡವುತ್ತಾ ಬಂದರು. ನನ್ನದನ್ನು ಕೊಡವಿದಾಗ ಹಳದಿ ಅಕ್ಕಿಕಾಳುಗಳು ಡೆಸ್ಕ್ ಮೇಲೆ ಪಟಪಟ ಉದುರಿದವು.

ಜೀವ ಬಾಯಿಗೆ ಬಂತು. ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಡಿಕ್ಷನರಿಯನ್ನು ದೇವರ ಮುಂದಿಟ್ಟಿದ್ದಾಳೆ! ಆಯುಧಪೂಜೆಗೆ ಮನೆಯ ಮೂರೂ ಸೈಕಲ್ಲಿನ ಚಕ್ರದಡಿ ನಿಂಬೆಹಣ್ಣು ಇಡುವವಳು ಇದನ್ನು ಬಿಡುತ್ತಾಳಾ?

"ಏನಿದು?" ಅಂದರು ಮೇಡಂ.

"ಅಕ್ಕಿ. ಅಮ್ಮ ಪುಸ್ತಕಕ್ಕೆ ಪೂಜೆ ಮಾಡಿದ್ದಾರೆ," ಅಂದೆ. ವರ್ಷಗಟ್ಟಲೆ ರೋಮನ್ ಕಾವ್ಯದ ಜೊತೆ ಗುದ್ದಾಡಿದ್ದೆಲ್ಲ ನೀರಲ್ಲಿ ಹೋಮ ಅಂದುಕೊಂಡೆ.

ಮೇಡಂ ಒಂದು ಕಾಳನ್ನು ಬೆರಳಲ್ಲಿ ಹೊರಳಿಸಿದರು. "ರೋಮನ್ನರೂ ಬಲಿ ಕೊಡೋ ಮುಂಚೆ ಉಪ್ಪು ಬೆರೆಸಿದ ಹಿಟ್ಟು ಉದುರಿಸ್ತಿದ್ದರು, ನೆನಪಿದೆಯಾ?" ಎಂದು ಕಾಳುಗಳನ್ನೆಲ್ಲ ಒಟ್ಟುಮಾಡಿ ನನ್ನ ಅಂಗೈಗೆ ಹಾಕಿದರು. "ಜೇಬಲ್ಲಿಟ್ಟುಕೋ. ಈಗ ಬರಿ."

ಅಬ್ಬಾ, ಆವತ್ತು ಬಿಟ್ಟ ಉಸಿರು! ಮುಂದಿನ ಬೆಂಚಿನವನೂ ತಿರುಗಿ ನೋಡಿದ್ದ.

ಕತೆ ಕೇಳಿದ ಮಗಳು ಡಿಕ್ಷನರಿಯನ್ನು ತಾನೇ ಎರಡು ಸಲ ಕೊಡವಿ ಬ್ಯಾಗಿಗೆ ಹಾಕಿದಳು. ಆಮೇಲೆ ನನ್ನ ಮುಂದೆ ಬಂದು ಬಗ್ಗಿದಳು.

"ನನ್ನ ತಲೆ ಮೇಲೆ ಹಾಕಮ್ಮ ಅಕ್ಷತೆ. ಅದನ್ನ ಯಾರೂ ಕೊಡವಿ ನೋಡಲ್ಲ."