ಗೆರೆಯ ಹತ್ತಿರ ನಿಂತ ಬಂಡಿಗಳು

ಗೋಕಾಕದ ಮನೆಯಲ್ಲೇ ಕುಳಿತು, ಮೊಬೈಲ್ ಆಟಗಳನ್ನು ಮಾಡುವ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಇಬ್ಬರು ಬೇರೆ ಬೇರೆ ಊರಿನಿಂದ ಆಡಿದರೂ ಎರಡೂ ಫೋನುಗಳಲ್ಲಿ ಒಂದೇ ಫಲಿತಾಂಶ ಬರುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಎತ್ತಿನ ಬಂಡಿ ಓಟದ ಹೊಸ ಆಟವನ್ನು ಸೋಮವಾರ ತೋರಿಸಬೇಕಿತ್ತು. ಅದು ಎಡವಿದರೆ ಕಂಪನಿ ಆ ಆಟವನ್ನೇ ಕೈಬಿಡುತ್ತಿತ್ತು.

ಮೂಡಲಗಿಯ ಗೆಳೆಯನೊಡನೆ ಆಡಿದ ಒಂಬತ್ತು ಓಟಗಳೂ ಸರಿಯಾಗಿದ್ದವು. ದಿನಚರಿಯಲ್ಲಿ ಒಂಬತ್ತು ಗೆರೆ ಎಳೆದಿದ್ದೆ. ಹತ್ತನೆಯದಕ್ಕೆ ಆಟದ ರೂಢಿಯಿಲ್ಲದವರು ಬೇಕೆಂದು, ರವಿವಾರ ಇಲ್ಲಿ ಅವ್ವನನ್ನೂ ಹುಕ್ಕೇರಿಯಲ್ಲಿ ಅಕ್ಕನ ಅತ್ತೆಯನ್ನೂ ಕೂಡಿಸಿದೆ.

ಎರಡೂ ಬಂಡಿಗಳು ಜೋರಾಗಿ ಓಡಿ, ಕೊನೆಯ ಗೆರೆಯ ಹತ್ತಿರ ಗಕ್ಕನೆ ನಿಂತುಬಿಟ್ಟವು. ನೆಟ್‌ವರ್ಕ್ ಕೈಕೊಟ್ಟಿತೆಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ತಪ್ಪು ಹುಡುಕುತ್ತ ಪಕ್ಕಕ್ಕೆ ನೋಡಿದರೆ, ಅವ್ವ ಬೆರಳನ್ನೇ ಎತ್ತಿ ಕುಳಿತಿದ್ದಳು.

"ಯಾಕವ್ವಾ, ಬಟನ್ ಒತ್ತವಲ್ಲಿ?"

"ಬೀಗರನ್ನ ಸೋಲಸಾಕ ಬರತೈತೇನೋ? ಅವ್ರು ಮೊದಲ ಹೋಗ್ಲಿ."

ಹುಕ್ಕೇರಿಗೆ ಫೋನ್ ಹಚ್ಚಿದೆ. ಅಲ್ಲಿಯೂ ಅದೇ ಕಥೆ. "ಮಗಳನ್ನ ಕೊಟ್ಟವರನ್ನ ಹಿಂದ ಹಾಕಿ ನಾ ಹೆಂಗ ಹೋಗ್ಲಿಪಾ?"

"ಛೇ ಛೇ, ನೀವ ಹೋಗ್ರಿ ಬೀಗರ!" ಅವ್ವ ನನ್ನ ಫೋನಿನೊಳಗೆ ಕೂಗಿದಳು.

ಕಡೆಗೆ, ಇಬ್ಬರೂ ಒಟ್ಟಿಗೆ ಒತ್ತಬೇಕೆಂದು ಒಪ್ಪಿಸಿ ನಾನೇ ಮೂರು ಎಣಿಸಿದೆ. ಇಷ್ಟು ಹತ್ತಿರದ ಓಟ ಇಂಥ ಆಟಕ್ಕೆ ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಆದರೂ ಎರಡೂ ಫೋನುಗಳು ಒಂದೇ ಮಾತು ಹೇಳಿದವು: ಕೂದಲೆಳೆಯಷ್ಟು ಅಂತರದಲ್ಲಿ ಹುಕ್ಕೇರಿಯ ಬಂಡಿ ಮುಂದೆ. ಸೋಮವಾರದ ಚಿಂತೆ ಇಳಿಯಿತು. ಹತ್ತನೆಯ ಗೆರೆ ಎಳೆದೆ.

ಸೋತ ಅವ್ವ ಹಿಗ್ಗಿನಿಂದ ಚಹಾಕ್ಕೆ ಇಡಲು ಎದ್ದಳು. ಗೆದ್ದವರು ಮಾತ್ರ ಫೋನಿನಲ್ಲಿ ಜಗಳಕ್ಕೇ ನಿಂತಿದ್ದರು: "ಬೇಕಂತ ತಡಾ ಒತ್ತೀರಿ ನೀವು! ಇನ್ನೊಮ್ಮೆ ಆಡೂಣ ಬರ್ರಿ!"