ನೆಂಟರು ಯಾವತ್ತು ಹೋಗ್ತಾರೆ?

ನಿಮ್ಮ ಮನೆಗೆ ಬಂದ ನೆಂಟರು ಯಾವತ್ತು ಹೋಗುತ್ತಾರೆ ಎಂದು ಯಾರಾದರೂ ನಿಮ್ಮನ್ನು ಕೇಳಿದ್ದಾರೆಯೇ? ನನ್ನನ್ನು ಕೇಳಿದ್ದಾರೆ. ಅದೂ ನೆಂಟರು ಬಂದ ನಾಲ್ಕನೆಯ ದಿನ, ಕೊಳಾಯಿಯ ಮುಂದೆ, ನಾನು ಬಾಯಿ ಮುಕ್ಕಳಿಸುತ್ತಿದ್ದಾಗ.

ಕೇಳಿದವರು ನಮ್ಮ ವಠಾರದ ಓನರಮ್ಮ. ಕೆಟ್ಟವರಲ್ಲ. (ಬೆಂಗಳೂರಿನಲ್ಲಿ ಯಾರೂ ಕೆಟ್ಟವರಲ್ಲ. ಇಲ್ಲಿ ಎಲ್ಲವೂ ಸ್ವಲ್ಪ ಕಡಿಮೆ ಬೀಳುತ್ತದೆ, ಅಷ್ಟೆ.) ಏಳು ಸಂಸಾರಕ್ಕೆ ಒಂದೇ ಕೊಳಾಯಿ. ಬೆಳಗ್ಗೆ ಒಂದು ಗಂಟೆ ನೀರು. ನಮ್ಮ ಪಾಲಿಗೆ ನಾಲ್ಕು ಕೊಡ.

"ತಲೆ ಜಾಸ್ತಿ ಆದ್ರೆ ನೀರೂ ಜಾಸ್ತಿ ಬೇಕಾಗುತ್ತಲ್ವಾ, ಅದಕ್ಕೆ ಕೇಳ್ದೆ. ಯಾವತ್ತು ಹೋಗ್ತಾರೆ?"

ನನ್ನ ಊರು ಕೆಂಭಾವಿಯ ಹತ್ತಿರ ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಹೈದರಾಬಾದಿನಲ್ಲಿ ಗುಮಾಸ್ತನಾಗಿದ್ದೆ. ರಾಜ್ಯ ಒಂದಾಯಿತು. ಫೈಲುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಬೆಂಗಳೂರಿಗೆ ಸಾಗಿಸಿದರು, ಅವುಗಳ ಹಿಂದೆ ನಮ್ಮನ್ನೂ. ನಾಡು ಒಂದಾದ ಸಂತೋಷಕ್ಕೆ ನಾನೂ ಎಲ್ಲರ ಜೊತೆ ಸಿಹಿ ಹಂಚಿದವನೇ. ಬಾಡಿಗೆ ಎಷ್ಟು ಎಂದು ಆವತ್ತು ಯಾರೂ ಹೇಳಿರಲಿಲ್ಲ.

ನಾವಿಬ್ಬರು, ಒಂದು ಕೂಸು; ಒಂದು ಕೋಣೆ, ಒಂದು ಅಡುಗೆಮನೆ. ಅದಕ್ಕೆ ಸಂಬಳದ ಮೂರರಲ್ಲೊಂದು ಪಾಲು. ಅಡ್ವಾನ್ಸಿಗೆ ನನ್ನ ಹೆಂಡತಿ ನೀಲಮ್ಮನ ಬಳೆ ಹೋದವು. ಇಲ್ಲಿ ಒಲೆಗೆ ಹಾಕುವ ಕಟ್ಟಿಗೆಯನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾರೆ, ನಮ್ಮ ಕಡೆ ಬೆಳ್ಳಿ ತೂಗಿದ ಹಾಗೆ. ಬಂದ ಹೊಸದರಲ್ಲಿ ಜೋಳ ಕೇಳಲು ಅಂಗಡಿಗೆ ಹೋದೆ. ಅಂಗಡಿಯವ, "ಯಾಕ್ ಸಾರ್, ಗಿಣಿ ಸಾಕಿದೀರಾ?" ಎಂದ. ಗಿಣಿಗೆ ಹೇಳಿದ ರೇಟನ್ನೇ ನನಗೂ ಹೇಳಿದ.

ಇಂಥ ಮನೆಗೆ ಐದು ತಿಂಗಳ ಹಿಂದೆ ಹುಸೇನಸಾಬ ಚಾಚಾ ಬಂದ. ಜೊತೆಗೆ ಹೆಂಡತಿ ಖಾಜಾಬಿ ಚಾಚಿ. ನಾನು ಆಫೀಸಿನಿಂದ ಬರುವಾಗ ಇಬ್ಬರೂ ಹೊಸ್ತಿಲ ಹೊರಗೆ ಕೂತಿದ್ದರು. ಒಂದು ತಗಡಿನ ಟ್ರಂಕು, ಒಂದು ಗಂಟು. ಗಂಟಿನಲ್ಲಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ.

ಚಾಚಾ ಶಹಾಪುರದಲ್ಲಿ ದರ್ಜಿ. ಕಣ್ಣು ಮಂಜಾಗಿತ್ತು. ಸೂಜಿ ಪೋಣಿಸುವುದು ಇರಲಿ, ಎದುರಿಗೆ ನಿಂತವರ ಮುಖವೂ ಕಾಣುತ್ತಿರಲಿಲ್ಲ.

"ಹೈದರಾಬಾದಿಗಿ ಹೋಗಬೇಕಂತ ಮಾಡಿದ್ದೆ," ಎಂದ. "ಎಲ್ಲಾರೂ ಅಂದ್ರು, ಅದು ಇನ್ನ ನಮ್ಮ ಊರಲ್ಲ, ನಮ್ಮ ಊರು ಬೆಂಗಳೂರು ಅಂತ. ಅಲ್ಲಿ ನಮ್ಮ ಬಸು ಇದ್ದಾನಲ್ಲ ಅಂದ್ಕೊಂಡು ಯಾದಗಿರ್ಯಾಗ ಗಾಡಿ ಹತ್ತಿದ್ವಿ."

ನಮ್ಮ ಬಸು! ಆ ಮಾತಿನ ಹಿಂದೆ ಒಂದು ಕತೆ ಇದೆ.

ಪೊಲೀಸ್ ಆಕ್ಷನ್ನಿಗೆ ಮುಂಚಿನ ರಜಾಕಾರರ ಗದ್ದಲದ ದಿನಗಳಲ್ಲಿ ನಮ್ಮೂರಲ್ಲಿ ಇರುವಂತಿರಲಿಲ್ಲ. ಅಪ್ಪ ಅವ್ವನನ್ನೂ ನನ್ನನ್ನೂ ಇಬ್ಬರು ತಂಗಿಯರನ್ನೂ ಶಹಾಪುರಕ್ಕೆ, ತನ್ನ ಗೆಳೆಯ ಹುಸೇನಸಾಬನ ಮನೆಗೆ ಕಳಿಸಿದ. ಎರಡು ತಿಂಗಳು ಅಲ್ಲಿದ್ದೆವು. ನಮ್ಮ ಅವ್ವ ಇಷ್ಟಲಿಂಗ ಕಟ್ಟಿಕೊಂಡವಳು, ಮಡಿ ಮೈಲಿಗೆಯವಳು. ಚಾಚಿ ಹಿತ್ತಲಲ್ಲಿ ಅವಳಿಗೆ ಬೇರೆ ಒಲೆ ಹೂಡಿಕೊಟ್ಟಳು. ಅಷ್ಟೇ ಅಲ್ಲ, ಆ ಎರಡು ತಿಂಗಳು ಆ ಮನೆಯಲ್ಲಿ ಮಾಂಸ ಬೇಯಲಿಲ್ಲ. ನಾವು ಕೇಳಿರಲಿಲ್ಲ. ಅವರೂ ಹೇಳಲಿಲ್ಲ. ಊರಿಗೆ ಮರಳಿದ ಮೇಲೆ ಅವ್ವನೇ ಅದನ್ನು ನೆನೆಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕ್ಷನ್ ಆದ ಮೇಲೆ ಗಾಳಿ ತಿರುಗಿ ಅವರಿಗೆ ಕಷ್ಟ ಬಂದಾಗ ನಮ್ಮಪ್ಪ ಕೈಯಲ್ಲಿ ಬಡಿಗೆ ಹಿಡಿದು ಎಂಟು ದಿನ ಅವರ ಬಾಗಿಲಲ್ಲಿ ಕೂತ.

ನಂಟಸ್ತಿಕೆಗೆ ಇದಕ್ಕಿಂತ ಬೇರೆ ಏನು ಬೇಕು?

ರಜೆ ಹಾಕಿ ಚಾಚಾನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿದರು. ಎಡಗಣ್ಣಿನ ಆಸೆ ಬಿಡಿ, ಬಲಗಣ್ಣು ಉಳಿಸಬಹುದು, ತಡ ಮಾಡಬಾರದು ಎಂದರು. ಆದರೆ ಹಾಸಿಗೆ ಖಾಲಿ ಇಲ್ಲ. ಇನ್ನು ಹತ್ತು ದಿನ ಬಿಟ್ಟು ಬನ್ನಿ.

ಹತ್ತು ದಿನ! ಖುಷಿ ಪಡಬೇಕಿತ್ತು, ಕಣ್ಣು ಉಳಿಯುತ್ತದಲ್ಲ ಎಂದು. ನನಗೆ ಕಂಡದ್ದು ನಾಲ್ಕು ಕೊಡ ನೀರು, ತಿಂಗಳ ಕೊನೆ, ಡಬ್ಬಿಯ ತಳ ಕಾಣುತ್ತಿದ್ದ ಹಿಟ್ಟು. ಮರುದಿನ ಬೆಳಗ್ಗೆಯೇ ಓನರಮ್ಮ ಕೇಳಿದ್ದು.

ಆ ಸಂಜೆ ನೀಲಮ್ಮ ರೊಟ್ಟಿ ತಟ್ಟುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ನಮ್ಮ ಅಡುಗೆಮನೆಗೆ ಬಾಗಿಲಿಲ್ಲ, ಹಳೆಯ ಸೀರೆಯ ಪರದೆ.

"ಹಾಲಿನಾಕಿ ಇನ್ನ ಉದ್ರಿ ಕೊಡೂದಿಲ್ಲ ಅಂದಾಳ್ರಿ," ಎಂದಳು ನೀಲಮ್ಮ, ಮೆಲ್ಲಗೆ. "ಇರ್ಲಿ. ಕೂಸಿಗಿ ಎರಡ ದಿನ ಗಂಜಿ ಮಾಡಿ ಹಾಕ್ತೀನಿ. ಹ್ಯಾಂಗರ ಆಗ್ತದ."

ಅವಳು ಇಷ್ಟು ಹೇಳಿದಳು. ಅದರ ನಂತರದ ಮಾತು ನನ್ನದು. ಅದನ್ನು ಅವಳ ಮೇಲೆ ಹಾಕಲಾರೆ.

"ಎಲ್ಲಿ ಆಗ್ತದ? ಇನ್ನ ಹತ್ತು ದಿನ ಇದ್ರ ನಾವೇ ಉಪವಾಸ ಬೀಳ್ತೀವಿ," ಎಂದೆ.

ಪಿಸುಮಾತೇ. ಆದರೆ ಕಣ್ಣು ಹೋದವರ ಕಿವಿ ಎಷ್ಟು ಚುರುಕು ಎಂಬುದು ನಿಮಗೆ ಗೊತ್ತಿರಬಹುದು. ನನಗೂ ಗೊತ್ತಿತ್ತು. ಅದೇ ನಾಚಿಕೆಯ ವಿಷಯ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಟ್ರಂಕು ಬಾಗಿಲ ಬಳಿ ಇತ್ತು.

"ಬಸು, ದವಾಖಾನಿ ಬಾಜೂಕ ಒಂದು ಮುಸಾಫಿರಖಾನಾ ಅದಂತ," ಎಂದ ಚಾಚಾ. "ಅಲ್ಲೇ ಇರ್ತೀವಿ. ದಿನಾ ಇಲ್ಲಿಂದ ಅಷ್ಟು ದೂರ ಯಾಕ?"

ದಿನಾ ಹೋಗುವುದೇನಿತ್ತು? ಹತ್ತು ದಿನ ಬಿಟ್ಟು ಬನ್ನಿ ಎಂದಿದ್ದರಲ್ಲ? ನಾನು ಅದನ್ನು ಕೇಳಲಿಲ್ಲ. ನೀಲಮ್ಮ ಚಾಚಿಯ ಕೈ ಹಿಡಿದುಕೊಂಡು, "ಹಿಂಗ ಹೋಗಬ್ಯಾಡ್ರಿ," ಎಂದಳು. ಚಾಚಿ ಕೂಸಿನ ತಲೆ ಸವರಿ, "ನಿಮ್ಮ ಮನಿ ತಂಪಿರ್ಲವ್ವ," ಎಂದಳು. ನಾನು ಜಟಕಾದ ತನಕ ಟ್ರಂಕು ಹೊತ್ತುಕೊಂಡು ಹೋದೆ. ಬಾಯಲ್ಲಿ, "ಆಪರೇಷನ್ ದಿನ ಬರ್ತೀನಿ ಚಾಚಾ," ಎಂದೆ.

ಜಟಕಾ ತಿರುಗಿತು. ಆಗ ನನಗೆ ಏನನಿಸಿತು ಗೊತ್ತೆ? ಹಗುರವೆನಿಸಿತು.

ಹತ್ತನೆಯ ದಿನ ಆಸ್ಪತ್ರೆಗೆ ಹೋದೆ. ಆ ಹೆಸರಿನವರು ಬರಲಿಲ್ಲ, ಹಾಸಿಗೆ ಬೇರೆಯವರಿಗೆ ಕೊಟ್ಟೆವು ಎಂದರು. ಮುಸಾಫಿರಖಾನೆ ಹುಡುಕಿದೆ. ಇತ್ತು. ಶಹಾಪುರದವರು ಯಾರೂ ಬಂದಿಲ್ಲ ಎಂದರು. ಆ ಜಟಕಾ ನೇರ ಸ್ಟೇಷನ್ನಿಗೆ ಹೋಗಿತ್ತು.

ಓನರಮ್ಮನಿಗೆ ಹೇಳಿದೆ. ಅವರು ನಿಜವಾಗಿಯೂ ನೊಂದುಕೊಂಡರು. "ಅಯ್ಯೋ, ನಾನು ನೀರಿಗೋಸ್ಕರ ಕೇಳಿದ್ದು ಕಣ್ರೀ. ಹೋಗಿ ಅಂತ ಅಂದ್ನಾ? ಆ ಹತ್ತು ದಿನ ನಮ್ಮನೇಲಿ ಎರಡು ಕೊಡ ತಗೋಬಹುದಿತ್ತಲ್ಲ!"

ತಗೊಳ್ಳಬಹುದಿತ್ತು. ಕೇಳಬೇಕಿತ್ತು. ಕೇಳಲು ಸಂಕೋಚ, ಕಳಿಸಲು ಸಂಕೋಚವಿಲ್ಲ. ಇದು ಯಾವ ಊರಿನ ರೀತಿ?

ಒಂದು ಕಾರ್ಡು ಬರೆಯುವುದಕ್ಕೂ ನನಗೆ ಮುಖವಿರಲಿಲ್ಲ. ಕೊನೆಗೆ ಹೋದ ವಾರ ರಜೆ ಹಾಕಿ ಶಹಾಪುರಕ್ಕೇ ಹೋದೆ.

ಅಂಗಡಿಯಲ್ಲಿ ಮಷೀನಿನ ಮುಂದೆ ಚಾಚಿ ಕೂತಿದ್ದಳು. ಚಾಚಾ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಬೆರಳಿಂದ ತಡವಿ ತಡವಿ, ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದ. ನನ್ನ ದನಿ ಕೇಳಿ ಮುಖ ಎತ್ತಿದ. ನಾನಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ.

"ಹೈದರಾಬಾದಿಗಿ ಹೋಗಿದ್ವಿ ಬಸು. ಅಲ್ಲಿ ಗುರುತಿನವರನ್ನ ಹುಡುಕಿ, ಜಾಗ ಹೊಂದಿಸಿ ಹೋಗೂದ್ರಾಗ ಮೂರು ತಿಂಗಳಾತು. ತಡ ಮಾಡೀರಿ ಅಂದ್ರು. ಬೆಳಕು ಕಾಣ್ತದ. ಯಾರರ ಅಡ್ಡ ನಿಂತ್ರ ನೆರಳು ಕಾಣ್ತದ. ಸಾಕು ಬಿಡು."

"ಯಾಕ ಹೋದ್ರಿ ಚಾಚಾ? ನಾನು ಆವತ್ತು ಅಂದ ಮಾತು..."

"ನಿನ್ನ ಮಾತಿಗಿ ಅಲ್ಲೋ," ಎಂದ. "ಊಟಕ್ಕ ಕೂತಾಗ ನಿನ್ನ ಹೆಂಡತಿ ನಮಗ ಎರಡೆರಡು ರೊಟ್ಟಿ ಹಾಕ್ತಿದ್ಲು. ಆಮ್ಯಾಲ ತನಗಂತ ಬುಟ್ಟ್ಯಾಗ ಕೈ ಹಾಕಿದ್ರ ಬರೇ ಬುಟ್ಟಿ ಸಪ್ಪಳ ಕೇಳ್ತಿತ್ತು. ಮೂರು ದಿನ ಕೇಳಿದೆ. ನಾಲ್ಕನೇ ದಿನ ನನಗ ತುತ್ತು ಇಳೀಲಿಲ್ಲ."

ಚಾಚಿ ಮಷೀನು ನಿಲ್ಲಿಸಿ, "ಊಟ ಮಾಡೇ ಹೋಗಬೇಕು," ಎಂದಳು. ಮಾಡಿದೆ. ನಾಲ್ಕು ರೊಟ್ಟಿ ಹಾಕಿದಳು, ಐದನೆಯದಕ್ಕೆ ಕೈ ಅಡ್ಡ ಹಿಡಿದರೂ ಬಿಡಲಿಲ್ಲ. ಒಂದು ಬೈಗುಳ ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಾನು ಕಟುಕನಲ್ಲ ಎಂದು ನೀವು ನಂಬುತ್ತೀರಿ ಅಲ್ಲವೆ? ನಾನೂ ಹಾಗೇ ನಂಬಿದ್ದೆ. ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಂದೇ ನಿರ್ಧಾರ ಮಾಡಿದೆ: ಇನ್ನು ಮುಂದೆ ನಮ್ಮ ಕಡೆಯವರು ಯಾರೇ ಬರಲಿ, ಎಷ್ಟೇ ದಿನ ಇರಲಿ, ಸಾಲ ಮಾಡಿಯಾದರೂ ಇಟ್ಟುಕೊಳ್ಳುತ್ತೇನೆ.

ಮೊನ್ನೆ ಆಫೀಸಿಗೆ ಸುರಪುರದ ಮೇಷ್ಟರೊಬ್ಬರು ಬಂದಿದ್ದರು. ಮಗಳನ್ನು ಇಲ್ಲಿಯ ಆಸ್ಪತ್ರೆಗೆ ತೋರಿಸಬೇಕಂತೆ. "ಮುಂದಿನ ತಿಂಗಳು ಬರ್ತೀವ್ರಿ. ನಿಮ್ಮ ವಿಳಾಸ ಒಂದಿಷ್ಟು ಬರದು ಕೊಡ್ರಿ," ಎಂದರು.

ಬರೆದು ಕೊಟ್ಟೆ. ಆಫೀಸಿನದು.